ಮೆಕ್‌ಕ್ಲೆಲನ್ ಜೀನು: ಕಂಬಳಿಯ ಮೇಲೊಂದು ಲೆಕ್ಕ, ಕೆಳಗೊಂದು ಲೆಕ್ಕ

ಅಮೆರಿಕದ ಅಂತರ್ಯುದ್ಧವನ್ನು ಮತ್ತೆ ಆಡಿ ತೋರಿಸುವವರ ಜೊತೆ ಕಾಲಾಳಾಗಿ ಸೇರುವುದು ಅಂಥ ಕಷ್ಟವೇನಲ್ಲ. ನೀಲಿ ಕೋಟು, ಟೋಪಿ, ಬೂಟು, ಒಂದು ಬಂದೂಕು, ನೀರಿನ ಡಬ್ಬಿ ಇದ್ದರೆ ಸಾಲಿನಲ್ಲಿ ನಿಲ್ಲಬಹುದು. ಕುದುರೆಯ ಮೇಲೆ ಬರುತ್ತೇನೆ ಎಂದಿರೋ, ಎರಡು ಜೀವಗಳಿಗೆ ವೇಷ ಕಟ್ಟಬೇಕು. ಅದರಲ್ಲಿ ಒಂದಕ್ಕೆ ಇತಿಹಾಸದ ಮೇಲೆ ಆಸಕ್ತಿಯಿಲ್ಲ. ಬೆನ್ನಿಗೆ ಕಟ್ಟಿದ ಜೀನು ಚುಚ್ಚಿದರೆ ಮೈ ಕೊಡವಿ ನಿಮ್ಮನ್ನು ನೆಲಕ್ಕೆ ಇಳಿಸುತ್ತದೆ, ಅಷ್ಟೆ.

ನಾನಿರುವುದು ವರ್ಜೀನಿಯಾದ ಉತ್ತರ ಭಾಗದಲ್ಲಿ. ಇಲ್ಲಿ ಯಾವ ರಸ್ತೆ ಹಿಡಿದರೂ ಒಂದಲ್ಲ ಒಂದು ಯುದ್ಧಭೂಮಿಯ ಫಲಕ ಎದುರಾಗುತ್ತದೆ. 1863ರ ಜೂನ್ 9ರಂದು ಸುಮಾರು 20,000 ಜನ, ಅವರಲ್ಲಿ ಬಹುಪಾಲು ರಾವುತರೇ, ಹೊಡೆದಾಡಿದ ಬ್ರ್ಯಾಂಡಿ ಸ್ಟೇಷನ್ ಕೂಡ ನಮ್ಮ ಕಡೆಯೇ. ನಾನು ಸವಾರಿ ಕಲಿಯುತ್ತಿದ್ದ ಲಾಯದಲ್ಲಿ ಕೆಲವರು ಯೂನಿಯನ್ ಪಕ್ಷದ, ಅಂದರೆ ಲಿಂಕನ್ನನ ಉತ್ತರದ ಕಡೆಯ, ಒಂದು ಅಶ್ವದಳ ಕಟ್ಟಿಕೊಂಡಿದ್ದರು. ಶನಿವಾರ ಅವರ ಕವಾಯತು ನೋಡುತ್ತಾ ನಿಂತಿರುತ್ತಿದ್ದ ನನ್ನನ್ನು ಕೊನೆಗೆ ಅವರೇ ಕರೆದರು. ಹೆಂಗಸರಿಗೆ ಜಾಗವಿದೆಯೇ ಎಂದು ಕೇಳಿದೆ. ಆ ಯುದ್ಧದಲ್ಲೇ ಗಂಡಸಿನ ವೇಷ ತೊಟ್ಟು ಹೋರಾಡಿದ ಹೆಂಗಸರಿದ್ದರು. ಜಡೆ ಟೋಪಿಯೊಳಗೆ ಅಡಗಿದರೆ ಸಾಕು, ಎಂದರು.

ಮೈಸೂರಿನಲ್ಲಿರುವ ಅಮ್ಮನಿಗೆ ಫೋನಿನಲ್ಲಿ ಹೇಳಿದಾಗ ಒಂದು ಗಳಿಗೆ ಸದ್ದಿಲ್ಲ. ಆಮೇಲೆ, "ಅಲ್ವೇ, ಇಲ್ಲಿದ್ದಾಗ ಟಾಂಗಾ ಹತ್ತೋಕೂ ಹೆದರ್ತಿದ್ದೋಳು, ಅಲ್ಲಿ ಹೋಗಿ ಯಾರದೋ ಯುದ್ಧಕ್ಕೆ ಕುದುರೆ ಹತ್ತುತೀಯಾ?" ಎಂದಳು. ದಸರಾ ಮೆರವಣಿಗೆಯಲ್ಲಿ ಪೊಲೀಸರ ಅಶ್ವದಳ ಬಂದಾಗ ಅವಳ ಸೆರಗಿನ ಹಿಂದೆ ಅವಿತುಕೊಳ್ಳುತ್ತಿದ್ದವಳು ನಾನು ಎಂಬುದು ಅವಳಿಗೆ ಚೆನ್ನಾಗಿ ನೆನಪಿದೆ.

ಯೂನಿಯನ್ ರಾವುತನೆಂದರೆ ಮೆಕ್‌ಕ್ಲೆಲನ್ ಜೀನು. ಕ್ರಿಮಿಯಾ ಯುದ್ಧದ ಕಾಲದಲ್ಲಿ, 1855-56ರಲ್ಲಿ, ಯುರೋಪಿನ ಸೈನ್ಯಗಳನ್ನು ನೋಡಿಬರಲು ಅಮೆರಿಕ ಕಳಿಸಿದ ತಂಡದಲ್ಲಿ ಜಾರ್ಜ್ ಮೆಕ್‌ಕ್ಲೆಲನ್ ಎಂಬ ಯುವ ಅಧಿಕಾರಿಯಿದ್ದ. ಹಿಂತಿರುಗಿ ಬಂದು ಅವನು ಸೂಚಿಸಿದ ಜೀನನ್ನು 1859ರಲ್ಲಿ ಸೈನ್ಯ ಒಪ್ಪಿಕೊಂಡಿತು. ಮುಂದೆ ಅದೇ ಮನುಷ್ಯ ದೊಡ್ಡ ಸೇನಾಪತಿಯಾಗಿ, ಮುನ್ನುಗ್ಗುವುದಿಲ್ಲವೆಂದು ಲಿಂಕನ್ನನಿಂದ ಹುದ್ದೆ ಕಳೆದುಕೊಂಡ. ಅವನ ಜೀನು ಮಾತ್ರ ಸಣ್ಣಪುಟ್ಟ ಬದಲಾವಣೆಗಳೊಂದಿಗೆ ಎರಡನೇ ಮಹಾಯುದ್ಧದ ಹೊಸ್ತಿಲವರೆಗೂ ಸೈನ್ಯದಲ್ಲಿ ಬಾಳಿತು.

ಸರಳವಾದ ವಸ್ತು ಅದು. ಬೆನ್ನೆಲುಬಿನ ಎರಡೂ ಬದಿಗೆ ಒಂದೊಂದು ಹಲಗೆ, ಅವನ್ನು ಜೋಡಿಸುವ ಮುಂದಿನ ಕಮಾನು, ಹಿಂದಿನ ಕಮಾನು, ನಡುವೆ ಉದ್ದಕ್ಕೆ ತೆರೆದ ಸಂದು. ಆ ಸಂದಿನ ಬಗ್ಗೆ ನೋಡಲು ಬಂದವರು ಆಡುವ ಜೋಕುಗಳನ್ನು ಇಲ್ಲಿ ಬರೆಯುವಂತಿಲ್ಲ. ಅದು ಇರುವುದು ಕುದುರೆಯ ಬೆನ್ನೆಲುಬಿನ ಮೇಲೆ ಭಾರ ಬೀಳದಿರಲಿ, ಗಾಳಿಯಾಡಲಿ ಎಂದು. ಮರದ ಮೇಲೆ ಹಸಿ ತೊಗಲನ್ನು ಒದ್ದೆಯಿದ್ದಾಗಲೇ ಬಿಗಿದು ಹೊಲಿಯುತ್ತಾರೆ. ಒಣಗುತ್ತಾ ಅದು ಕುಗ್ಗಿ ಮರವನ್ನು ಕಚ್ಚಿ ಹಿಡಿಯುತ್ತದೆ. ಯುದ್ಧಕಾಲದ ಜೀನಿಗೆ ಅದರ ಮೇಲೆ ಬೇರೆ ಚರ್ಮದ ಹೊದಿಕೆಯಿರಲಿಲ್ಲ. ಮಳೆ ಬಿಸಿಲಿಗೆ ತೊಗಲು ಹೊಲಿಗೆಯಲ್ಲೇ ಬಿರಿದು ಸವಾರನ ತೊಡೆ ಕೊಯ್ಯುತ್ತಿತ್ತು. ಕೂರುವ ಜಾಗಕ್ಕೆ ಚರ್ಮ ಹೊದಿಸಿದ್ದು ಯುದ್ಧ ಮುಗಿದು ಕೆಲವು ವರ್ಷಗಳಾದ ಮೇಲೆ.

ಹಳೆಯ ಅಸಲಿ ಜೀನನ್ನೇ ಕೊಂಡರಾಯಿತಲ್ಲ ಎಂದು ಮೊದಲು ನನಗೂ ಅನ್ನಿಸಿತ್ತು. ಹಳೆ ಸಾಮಾನಿನ ಮಾರಾಟಗಳಲ್ಲಿ 'ಅಂತರ್ಯುದ್ಧದ ಜೀನು' ಎಂಬ ಚೀಟಿ ಹೊತ್ತು ಕೂತಿರುವವುಗಳಲ್ಲಿ ಹೆಚ್ಚಿನವು 1904ರ ಮಾದರಿಯವು. ಗುರುತು ಹಿಡಿಯುವುದು ಕಷ್ಟವಲ್ಲ. 1904ರದ್ದಕ್ಕೆ ಚರ್ಮದ ಹೊದಿಕೆಯಿರುತ್ತದೆ, ಹೊಟ್ಟೆಪಟ್ಟಿ ಕಟ್ಟುವಲ್ಲಿ ಪಕ್ಕದ ಉಂಗುರಗಳಿರುತ್ತವೆ, ಬಣ್ಣ ಕಂದುಗೆಂಪು. ಯುದ್ಧಕಾಲದ್ದು ಬರಿಯ ತೊಗಲು, ಉಳಿದ ಚರ್ಮವೆಲ್ಲ ಕಪ್ಪು, ಪಕ್ಕಕ್ಕೆ ಇಳಿಬಿದ್ದ ಚರ್ಮದ ಅಂಚು. ನಿಜವಾದ ಅಸಲು ಸಿಕ್ಕರೂ ನೂರಾ ಅರವತ್ತು ವರ್ಷದ ಮರದ ಮೇಲೆ ಕೂರುವುದು ಪಾಪವೇ ಸರಿ. ಅದಕ್ಕೆ ಗಾಜಿನ ಪೆಟ್ಟಿಗೆಯೇ ಜಾಗ.

ಉಳಿದದ್ದು ಪ್ರತಿಕೃತಿ. ಅದರಲ್ಲಿ ಎರಡು ದಾರಿ. ಒಂದು, ಕೆಲವು ನೂರು ಡಾಲರಿಗೆ ಸಿಗುವ ಆಮದು ಮಾಲು. ಇನ್ನೊಂದು, ಅಮೆರಿಕದಲ್ಲೇ ಒಬ್ಬಿಬ್ಬರು ಕೂತು ಕೈಯಲ್ಲಿ ಮಾಡುವುದು. ಅದು ಸಾವಿರ ಡಾಲರ್ ದಾಟುತ್ತದೆ, ಸರದಿಗೆ ತಿಂಗಳುಗಟ್ಟಲೆ ಕಾಯಬೇಕು. ದಳದ ಒಬ್ಬರು ಕಲಿಯುವವರಿಗೆಂದು ಇಟ್ಟಿದ್ದ ಆಮದು ಜೀನು ತಂದು ನನ್ನ ಮುಂದೆ ಇಳಿಸಿದರು. ತಿರುಗಿಸಿ ನೋಡಿದರೆ ಅಂಚಿನಲ್ಲಿ 'ಮೇಡ್ ಇನ್ ಇಂಡಿಯಾ' ಮುದ್ರೆ. "ನಿಮ್ಮೂರಿನದೇ" ಎಂದು ನಕ್ಕರು. ನಮ್ಮೂರಿನದಲ್ಲ, ಬಹುಶಃ ಕಾನ್ಪುರದ್ದು, ಮೈಸೂರಿಗೂ ಅದಕ್ಕೂ ಎರಡು ದಿನದ ರೈಲು ಪ್ರಯಾಣ ಎಂದು ವಿವರಿಸಿದೆ.

ಕಾನ್ಪುರದ ಸಂಗತಿ ಗೊತ್ತಾದ ಮೇಲೆ ನನಗೆ ಆ ಜೀನಿನ ಮೇಲೆ ಒಂದು ಬಗೆಯ ಮಮತೆಯೇ ಬಂತು. ಬ್ರಿಟಿಷ್ ಸೈನ್ಯಕ್ಕೆ ಜೀನು, ಲಗಾಮು ಪೂರೈಸಲು ಅಲ್ಲಿ ಸರ್ಕಾರಿ ಕಾರ್ಖಾನೆ ಹುಟ್ಟಿದ್ದು ಸರಿಸುಮಾರು ಮೆಕ್‌ಕ್ಲೆಲನ್ ಜೀನು ಹುಟ್ಟಿದ ಕಾಲದಲ್ಲೇ. ಇವತ್ತು ಕಾನ್ಪುರದ ಜೀನುಗಾರಿಕೆಗೆ ಭೌಗೋಳಿಕ ಸೂಚಿಕೆಯ ಮಾನ್ಯತೆಯೂ ಇದೆ. ಒಬ್ಬರ ಸೈನ್ಯಕ್ಕೆ ಹೊಲಿಯುತ್ತಾ ಶುರುವಾದ ಊರು ಈಗ ಇನ್ನೊಬ್ಬರ ಹಳೆಯ ಸೈನ್ಯದ ನೆನಪಿಗೆ ಹೊಲಿದು ಕಳಿಸುತ್ತಿದೆ. ರೀಎನಾಕ್ಟರ್‌ಗಳು, ಅಂದರೆ ಹೀಗೆ ಯುದ್ಧವನ್ನು ಮತ್ತೆ ಆಡಿ ತೋರಿಸುವವರು, ಭಾರತದ ಮಾಲೆಂದರೆ ಮೂಗು ಮುರಿಯುತ್ತಾರೆ. ನನ್ನ ಮುಂದಿದ್ದದ್ದರಲ್ಲೂ ಬಕಲುಗಳು ಫಳಫಳ ಹೊಳೆಯುವ ನಿಕಲ್ ಲೇಪದವು, ಸವಾರ ಪಾದವಿಡುವ ರಿಕಾಪಿನ ಪಟ್ಟಿ ತೆಳು, ಹೊಲಿಗೆ ಮಿಷನ್ನಿನದು. ಆದರೆ ಆರ್ಡರ್ ಕೊಟ್ಟವರು ಕೇಳಿದ್ದು ಆ ಬೆಲೆಯ ವಸ್ತುವನ್ನೇ. ಕೈಗೆ ಕಸುಬಿಲ್ಲವೆಂದು ಅದನ್ನು ನೋಡಿ ತೀರ್ಮಾನಿಸುವುದು ಅನ್ಯಾಯ.

ಬಕಲು, ಪಟ್ಟಿಗಳನ್ನು ಬದಲಾಯಿಸಬಹುದು. ಬದಲಾಯಿಸಲಾಗದ್ದು ಮರ, ಅಂದರೆ ಜೀನಿನ ಒಳಗಿನ ಚೌಕಟ್ಟು. ದಳದ ಸಾರ್ಜೆಂಟ್ ಜೀವನವಿಡೀ ಲಾಳ ಕಟ್ಟಿದವರು, ಮಾತು ಕಡಿಮೆ. ಜೀನಿನ ಹಲಗೆಗಳ ಅಡಿಭಾಗಕ್ಕೆ ಸೀಮೆಸುಣ್ಣದ ಪುಡಿ ಸವರಿ, ಕಂಬಳಿಯಿಲ್ಲದೆ ನೇರ ಕುದುರೆಯ ಬೆನ್ನಿನ ಮೇಲಿಟ್ಟು, ಸ್ವಲ್ಪ ಒತ್ತಿ ಎತ್ತಿದರು. ನಾನು ಭೋಗ್ಯಕ್ಕೆ ಪಡೆದ ಡೈಸಿ ಎಂಬ ಮಾರ್ಗನ್ ತಳಿಯ ಹೆಣ್ಣು ಕುದುರೆಯ ಬೆನ್ನಿನ ಮೇಲೆ ಬಿಳಿ ಮೂಡಿದ್ದು ನಾಲ್ಕೇ ಕಡೆ: ಹೆಗಲ ಹಿಂದೆ ಎರಡು ಚುಕ್ಕೆ, ಸೊಂಟದ ಹತ್ತಿರ ಎರಡು. ನಡುವೆ ಖಾಲಿ. ಅಂದರೆ ನನ್ನ ಪೂರ್ತಿ ಭಾರ ಆ ನಾಲ್ಕು ಚುಕ್ಕೆಗಳ ಮೇಲೆ ಬೀಳುತ್ತದೆ. ಹಲಗೆ ಬೆನ್ನಿನುದ್ದಕ್ಕೂ ಒಂದೇ ಸಮ ಕೂತರೆ ಬಿಳಿ ಉದ್ದಕ್ಕೂ ಮೂಡಬೇಕಿತ್ತು.

ಕಾರಣ ಜೀನಿನಲ್ಲಷ್ಟೇ ಅಲ್ಲ, ಕುದುರೆಯಲ್ಲೂ ಇದೆ. 1860ರ ದಶಕದ ದಂಡಿನ ಕುದುರೆ ದಿನಕ್ಕೆ 14 ಪೌಂಡ್ ಹುಲ್ಲು, 12 ಪೌಂಡ್ ಕಾಳು ಎಂಬ ನಿಯಮದ ಮೇಲೆ ಬದುಕಬೇಕಿತ್ತು. ದಂಡಯಾತ್ರೆಯಲ್ಲಿ ಅದೂ ಸಿಗುತ್ತಿರಲಿಲ್ಲ. ಬೆನ್ನು ಕಿರಿದು, ಹೆಗಲ ಉಬ್ಬು ಎತ್ತರ. ಇಂದಿನ ಸಾಕಿದ ಕುದುರೆಗೆ ಹುಲ್ಲುಗಾವಲು, ವೈದ್ಯರು, ಹೊತ್ತು ಹೊತ್ತಿಗೆ ತಿನಿಸು. ಡೈಸಿಯ ಬೆನ್ನು ಮೇಜಿನಷ್ಟು ಅಗಲ. ಕುಲದಲ್ಲೇನೂ ಕೊರತೆಯಿಲ್ಲ: 1ನೇ ವರ್ಮಾಂಟ್ ಅಶ್ವದಳ ಯುದ್ಧಕ್ಕೆ ಹೊರಟದ್ದು ಮಾರ್ಗನ್ ಕುದುರೆಗಳ ಮೇಲೇ. ಆದರೆ ಅಂದಿನ ಅಳತೆಗೆ ಪೂರಾ ನಿಷ್ಠವಾದ ಜೀನು ಇಂದಿನ ಮಾರ್ಗನ್‌ಗೆ ಕೂರುವುದಿಲ್ಲ.

ಕೆಳಗೆ ದಪ್ಪ ಪ್ಯಾಡ್ ಹಾಕಿಬಿಡು ಎಂದು ಸಲಹೆ ಕೊಟ್ಟವರು ಬಹಳ. ಬಿಗಿ ಚಪ್ಪಲಿಗೆ ದಪ್ಪ ಕಾಲುಚೀಲ ಹಾಕಿದ ಹಾಗೆ ಅದು. ಕಿರಿದಾದ ಜೀನನ್ನು ಇನ್ನಷ್ಟು ಕಿರಿದು ಮಾಡುತ್ತದೆ. ಸಾರ್ಜೆಂಟ್ ಇದಕ್ಕೆ ಒಪ್ಪಲೇ ಇಲ್ಲ. ಅಮೆರಿಕದ ಜೀನುಗಾರರೊಬ್ಬರಿಗೆ ಡೈಸಿಯ ಬೆನ್ನಿನ ಅಳತೆ ಕಳಿಸಿದೆವು. ಬಾಗುವ ಸೀಸದ ಪಟ್ಟಿಯನ್ನು ಬೆನ್ನಿನ ಮೇಲೆ ಮೂರು ಕಡೆ ಒತ್ತಿ, ಆ ಆಕಾರವನ್ನು ಕಾಗದದ ಮೇಲೆ ಗೆರೆ ಎಳೆದು, ರಟ್ಟಿನಲ್ಲಿ ಕತ್ತರಿಸಿ ಅಂಚೆಗೆ ಹಾಕುವುದು, ಇಷ್ಟೇ ವಿಧಾನ. ಅವರು ಕಮಾನನ್ನು ಅಗಲಿಸಿ, ಹಲಗೆಗಳ ಕೋನ ಬದಲಿಸಿ ಮರ ಮಾಡಿದರು. ಹೊರಗಿನಿಂದ ನೋಡಿದರೆ 1859ರ ರೂಪವೇ. ಕೂರುವ ಜಾಗದ ಅಳತೆಯಲ್ಲಿ ಮಾತ್ರ ಸೈನ್ಯದ ಪಟ್ಟಿಯನ್ನೇ ಹಿಡಿದೆವು. ಅಂದು ಇದ್ದದ್ದು 11, 11½, 12 ಇಂಚು ಎಂಬ ಮೂರೇ ಅಳತೆ. ದೊಡ್ಡದೇ ನನಗೆ ಸರಿಯಾಯಿತು. ಇಂದಿನ ದಪ್ಪ ಆಳುಗಳಿಗೆ ಅದೂ ಸಾಲುವುದಿಲ್ಲ.

ಇದರ ಮೇಲೆ ದಳದಲ್ಲಿ ವಾದ ನಡೆಯಿತು. ಮರವೇ ಅಳತೆ ಮೀರಿದ ಮೇಲೆ ಉಳಿದದ್ದು ಎಷ್ಟು ಅಸಲಾದರೇನು ಎಂದರು ಒಬ್ಬರು. ನನ್ನ ಲೆಕ್ಕ ಬೇರೆ. ಕಂಬಳಿಯ ಕೆಳಗಿರುವುದೆಲ್ಲ ಕುದುರೆಗೆ ಸೇರಿದ್ದು, ಅಲ್ಲಿ ನಾನು ಯಾವ ಇತಿಹಾಸಕ್ಕೂ ತಲೆಬಾಗುವುದಿಲ್ಲ. ಕಂಬಳಿಯ ಮೇಲಿರುವುದು 1863ಕ್ಕೆ ಸೇರಿದ್ದು, ಅಲ್ಲಿ ಒಂದು ಬಕಲಿಗೂ ರಿಯಾಯಿತಿ ಇಲ್ಲ. ಆ ಯುದ್ಧದಲ್ಲಿ ಸತ್ತ ಕುದುರೆ, ಹೇಸರಗತ್ತೆಗಳ ಸಂಖ್ಯೆ ಹತ್ತು ಲಕ್ಷ ಮೀರುತ್ತದೆ ಎಂಬ ಅಂದಾಜಿದೆ. ಬೆನ್ನಿನ ಹುಣ್ಣನ್ನೂ ಅಸಲಿನಂತೆಯೇ ಮರುಸೃಷ್ಟಿಸಬೇಕೆಂದು ಯಾರೂ ಕೇಳಲಾರರು.

ಕಂಬಳಿಯೇ ಒಂದು ಅಧ್ಯಾಯ. ನೀಲಿ ಬಣ್ಣದ ಅಪ್ಪಟ ಉಣ್ಣೆ, ಅಂಚಿನಿಂದ 3 ಇಂಚು ಒಳಗೆ 3 ಇಂಚು ಅಗಲದ ಕಿತ್ತಳೆ ಪಟ್ಟೆ, ನಡುವೆ 6 ಇಂಚಿನ ಕಿತ್ತಳೆ ಅಕ್ಷರಗಳಲ್ಲಿ 'ಯು.ಎಸ್.', ಉದ್ದ 75 ಇಂಚು, ಅಗಲ 67. ಸೈನ್ಯದ ಕೈಪಿಡಿಯಲ್ಲಿ ಇಷ್ಟೂ ಇದೆ. ನಾವು ಅದನ್ನು ಆರು ಪದರ ಮಡಿಸಿ, ಸ್ವಲ್ಪ ಮುಂದಿಟ್ಟು, ಕೂದಲು ನೇವರಿಸುವ ದಿಕ್ಕಿಗೇ ಹಿಂದಕ್ಕೆ ಎಳೆದು ಕೂರಿಸುತ್ತೇವೆ. ಪದರಗಳಲ್ಲಿ ಒಂದು ಸುಕ್ಕು ಉಳಿದರೂ ಅರ್ಧ ದಿನದಲ್ಲಿ ಅಲ್ಲಿ ಗಂಟು ಏಳುತ್ತದೆ. ಇಳಿದಾದ ಮೇಲೆ ಬೆನ್ನಿನ ಬೆವರನ್ನು ಓದಬೇಕು: ಎಲ್ಲ ಕಡೆ ಒದ್ದೆಯಿದ್ದು ಒಂದು ಚುಕ್ಕೆ ಮಾತ್ರ ಒಣಗಿದ್ದರೆ ಅಲ್ಲಿ ಒತ್ತಡ ಹೆಚ್ಚಾಗಿದೆ ಎಂದರ್ಥ.

ಹಣ ಉಳಿಸಲೆಂದು ಚೀಲ, ಪಟ್ಟಿಗಳನ್ನು ಕತ್ತರಿಸಿದ ಚರ್ಮದ ರೂಪದಲ್ಲಿ ತರಿಸಿ ನಾನೇ ಹೊಲಿದೆ. ಹಣವೇನೋ ಉಳಿಯಿತು, ಉಗುರುಗಳ ಮಾತು ಬೇಡ. ಜೇನುಮೇಣ ತಿಕ್ಕಿದ ನಾರಿನ ದಾರ, ಅದರ ಎರಡು ತುದಿಗೂ ಒಂದೊಂದು ಮೊಂಡು ಸೂಜಿ. ಚರ್ಮವನ್ನು ತೊಡೆಯ ನಡುವಿನ ಮರದ ಇಕ್ಕಳಕ್ಕೆ ಸಿಕ್ಕಿಸಿ, ದಬ್ಬಳದಿಂದ ತೂತು ಮಾಡಿ, ಒಂದೇ ತೂತಿನಲ್ಲಿ ಎರಡೂ ಕಡೆಯಿಂದ ಸೂಜಿ ದಾಟಿಸಿ ಎರಡೂ ಕೈಯಲ್ಲಿ ಸಮನಾಗಿ ಎಳೆಯಬೇಕು. ಮಿಷನ್ ಹೊಲಿಗೆಯಲ್ಲಿ ಒಂದು ಕಡೆ ದಾರ ತುಂಡಾದರೆ ಸಾಲೇ ಬಿಚ್ಚಿಕೊಳ್ಳುತ್ತದೆ. ಈ ಹೊಲಿಗೆಯಲ್ಲಿ ಒಂದು ಎಳೆ ಹೋದರೂ ಇನ್ನೊಂದು ಹಿಡಿದಿರುತ್ತದೆ. ನಾಗಾಲೋಟದ ನಡುವೆ ರಿಕಾಪಿನ ಪಟ್ಟಿ ಕಿತ್ತರೆ ಏನಾಗುತ್ತದೆಂದು ಯೋಚಿಸಿದರೆ ಸಾಕು, ಕೈ ತಾನಾಗಿ ಸಾವಕಾಶ ಮಾಡುತ್ತದೆ.

ಕಪ್ಪು ಬಣ್ಣ ಕೊಟ್ಟದ್ದು ನನಗೆ ಎಲ್ಲಕ್ಕಿಂತ ಖುಷಿಯ ಕೆಲಸ. ಬಾಟಲಿಯ ಬಣ್ಣ ಬಳಿದರೆ ಬೆವರಿಗೆ ಬಿಟ್ಟು ಬಿಳಿ ಕುದುರೆಯನ್ನು ಬೂದಿ ಮಾಡುತ್ತದೆ, ಸವಾರನ ಪ್ಯಾಂಟನ್ನೂ. ಹಳೆಯ ದಾರಿ ಬೇರೆ. ಜಿಡ್ಡು ತೆಗೆದ ಕಬ್ಬಿಣದ ಉಣ್ಣೆಯನ್ನು, ಅಂದರೆ ತಿಕ್ಕಲು ಬಳಸುವ ಕಬ್ಬಿಣದ ಸಣ್ಣ ಎಳೆಗಳನ್ನು, ವಿನೆಗರಿನಲ್ಲಿ ಕೆಲವು ವಾರ ನೆನೆಹಾಕಿ, ಸೋಸಿ, ಆ ನೀರನ್ನು ಚರ್ಮಕ್ಕೆ ಸವರುತ್ತಾರೆ. ಮರದ ತೊಗಟೆಯಿಂದ ಹದ ಮಾಡಿದ ಚರ್ಮದಲ್ಲಿ ಒಗರು ಇರುತ್ತದೆ. ಕಬ್ಬಿಣ ತಾಗಿದ್ದೇ ಅದು ಕಣ್ಣೆದುರೇ ಬೂದು, ನೀಲಿ, ಆಮೇಲೆ ಕಡುಗಪ್ಪು. ಬಣ್ಣ ಬಳಿದದ್ದಲ್ಲ, ಚರ್ಮವೇ ಕಪ್ಪಾದದ್ದು. ಹಾಗಾಗಿ ಬಿಡುವ ಪ್ರಶ್ನೆಯಿಲ್ಲ. ನಮ್ಮಲ್ಲಿ ಹಿಂದೆ ಅಳಲೆಕಾಯಿ ಕಷಾಯಕ್ಕೆ ಅನ್ನಭೇದಿ ಹಾಕಿ ಬರೆಯುವ ಶಾಯಿ ಮಾಡುತ್ತಿದ್ದದ್ದೂ ಇದೇ ರಸಾಯನ. ಆಮೇಲೆ ಅಡುಗೆ ಸೋಡಾ ನೀರಿನಲ್ಲಿ ತೊಳೆದು ಹುಳಿ ತೆಗೆದು, ದನದ ಕಾಲಿನ ಮೂಳೆಯಿಂದ ತೆಗೆದ ಎಣ್ಣೆ ಉಜ್ಜಬೇಕು. ಗ್ಯಾರೇಜಿನ ಈ ಭಾಗವನ್ನು ವಿಡಿಯೊ ಕರೆಯಲ್ಲಿ ಅಮ್ಮನಿಗೆ ತೋರಿಸಲಿಲ್ಲ. ಕಾರ್ಖಾನೆಯಲ್ಲಿ ಕ್ರೋಮಿನಿಂದ ಹದ ಮಾಡಿದ ಚರ್ಮಕ್ಕೆ ಈ ಉಪಾಯ ನಡೆಯುವುದಿಲ್ಲ, ಒಗರೇ ಇಲ್ಲವಲ್ಲ. ಕೊಳ್ಳುವಾಗಲೇ ಕೇಳಿಕೊಳ್ಳುವುದು ಮೇಲು.

ಬಕಲುಗಳಿಗೆ ನೀಲಿ ಕಾವು ಕೊಟ್ಟ ಕಬ್ಬಿಣವೇ ಬೇಕು. ಕೈಪಿಡಿ ಹೇಳುವುದೂ ಅದನ್ನೇ. ಹೊಟ್ಟೆಪಟ್ಟಿಗೆ ನಾಲ್ಕೂವರೆ ಇಂಚು ಅಗಲದ ನೀಲಿ ಉಣ್ಣೆಯ ನೇಯ್ಗೆ. ರಿಕಾಪು ಹಿಕ್ಕರಿ ಅಥವಾ ಓಕ್ ಮರವನ್ನು ಬಗ್ಗಿಸಿ ಮಾಡಿದ್ದು, ಮುಂದೆ ಚರ್ಮದ ಮುಸುಕು. ಕಡಿವಾಣ, ಮುಖಪಟ್ಟಿಗಳನ್ನು ಸಿದ್ಧರೂಪದಲ್ಲೇ ಕೊಂಡೆ. ಸೈನ್ಯದ ಕಡಿವಾಣ ಒರಟು. ಡೈಸಿಯ ಬಾಯಿ ಮೃದು, ಹಾಗಾಗಿ ಗದ್ದದ ಕೆಳಗಿನ ಸರಪಳಿಯನ್ನು ಸಡಿಲ ಬಿಟ್ಟು ಹಗುರ ಕೈಯಲ್ಲಿ ಹಿಡಿಯುವುದನ್ನು ಮತ್ತೆ ಕಲಿಯಬೇಕಾಯಿತು. ಬಾಲದ ಕೆಳಗೆ ಹಾಯುವ ಪಟ್ಟಿಗೆ ಅವಳ ಆಕ್ಷೇಪ ಎಲ್ಲಕ್ಕಿಂತ ಜೋರು. ಮೊದಮೊದಲು ಕಾಲು ಝಾಡಿಸಿದಳು. ದಿನಾ ಲಾಯದಲ್ಲಿ ಕೂದಲು ಸಿಕ್ಕದಂತೆ ಬಿಡಿಸಿ ಹಾಕಿ, ಕ್ಯಾರೆಟ್ ಕೊಟ್ಟು, ತೆಗೆದು, ಹೀಗೇ ಒಪ್ಪಿಸಿದೆ.

ಕೂತಾಗ ಹೇಗಿರುತ್ತದೆ ಎಂದು ಎಲ್ಲರೂ ಕೇಳುತ್ತಾರೆ. ಗಟ್ಟಿ. ಮೆತ್ತೆಯ ಹೆಸರೇ ಇಲ್ಲ. ಆದರೆ ಬೆನ್ನು ನೆಟ್ಟಗಿಟ್ಟು, ಕಾಲನ್ನು ಉದ್ದಕ್ಕೆ ಇಳಿಬಿಟ್ಟರೆ ಜೀನು ತಾನೇ ನಿಮ್ಮನ್ನು ನಡುಮಧ್ಯಕ್ಕೆ ತಂದು ಕೂರಿಸುತ್ತದೆ. ಮುಂದೆ ಮೂರು, ಹಿಂದೆ ಮೂರು ಪಟ್ಟಿಗಳಲ್ಲಿ ಕೋಟು, ಕಂಬಳಿ ಕಟ್ಟಿದ ಮೇಲಂತೂ ಅತ್ತಿತ್ತ ಜಾರಲು ಜಾಗವೇ ಇಲ್ಲ. ಹತ್ತುವಾಗ ಕಾಲನ್ನು ಆ ಗಂಟಿನ ಮೇಲಿಂದ ದಾಟಿಸುವುದೇ ಕವಾಯತು. ತೊಡೆಯ ಚರ್ಮ ಎರಡನೇ ಋತುವಿಗೆ ಹೊಂದಿಕೊಂಡಿತು.

ಮೊದಲ ದೊಡ್ಡ ಕಾರ್ಯಕ್ರಮ ಸೀಡರ್ ಕ್ರೀಕ್. 1864ರ ಅಕ್ಟೋಬರ್ 19ರಂದು ಸೋಲುತ್ತಿದ್ದ ಯೂನಿಯನ್ ಸೈನ್ಯದತ್ತ ವಿಂಚೆಸ್ಟರಿನಿಂದ ಕುದುರೆ ಓಡಿಸಿಕೊಂಡು ಬಂದು ಅದರ ಸೇನಾಪತಿ ಶೆರಿಡನ್ ಯುದ್ಧವನ್ನು ತಿರುಗಿಸಿದ ಜಾಗ ಅದು. ಆ ಕುದುರೆ ರಿಯೆಂಜಿಯ ತುಂಬಿಸಿಟ್ಟ ದೇಹ ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್ ಸಂಗ್ರಹಾಲಯದಲ್ಲಿದೆ. ಗೇಟಿನಲ್ಲಿ ಮೊದಲು ಕೇಳಿದ್ದು ಇತಿಹಾಸವನ್ನಲ್ಲ, ಕುದುರೆಯ ರಕ್ತಪರೀಕ್ಷೆಯ ಕಾಗದವನ್ನು. ಸಾಂಕ್ರಾಮಿಕ ರಕ್ತಹೀನತೆ ಇಲ್ಲವೆಂಬ ಪ್ರಮಾಣಪತ್ರ ಇಲ್ಲದ ಕುದುರೆಗೆ ಪ್ರವೇಶವಿಲ್ಲ. ಆಮೇಲೆ ಪರೀಕ್ಷಕರು ಬಂದು ಜೀನಿನ ಸುತ್ತ ನಡೆದರು. ನೈಲಾನ್ ಹಗ್ಗ, ಪ್ಲಾಸ್ಟಿಕ್ ಬಕೆಟ್ಟು, ಹೊಳೆಯುವ ಬಕಲು, ಇವೇ ಅವರ ಶತ್ರುಗಳು. ನನ್ನ ಪಟ್ಟಿಯೊಂದನ್ನು ಬೆರಳಲ್ಲಿ ಮಡಚಿ ಹೊಲಿಗೆ ನೋಡಿ, ಯಾರು ಮಾಡಿದ್ದು ಎಂದು ಕೇಳಿದರು. ಹೇಳಿದೆ. ತಲೆಯಾಡಿಸಿ ಮುಂದೆ ಹೋದರು. ಕಂಬಳಿ ಎತ್ತಿ ನೋಡಲಿಲ್ಲ.

ಗುಂಡಿನ ಸದ್ದಿಗೆ ಡೈಸಿಯನ್ನು ತಿಂಗಳುಗಳ ಹಿಂದಿನಿಂದಲೇ ಒಗ್ಗಿಸಿದ್ದೆವು: ಮೊದಲು ಚಪ್ಪಾಳೆ, ಆಮೇಲೆ ಗಾಳಿ ತುಂಬಿ ಒಡೆದ ಕಾಗದದ ಚೀಲ, ಕೊನೆಗೆ ಅವಳು ಮೇಯುತ್ತಿರುವಾಗ ದೂರದಲ್ಲಿ ಖಾಲಿ ತೋಟಾ. ಅವಳನ್ನು ಬೆಚ್ಚಿಸಿದ್ದು ತೋಪಲ್ಲ, ನನ್ನ ಸೊಂಟದ ಕತ್ತಿಯ ಒರೆ. ಉಕ್ಕಿನ ಆ ಒರೆ ಪ್ರತಿ ಹೆಜ್ಜೆಗೂ ಅವಳ ಪಕ್ಕೆಗೆ ಬಡಿದು ಝಣಗುಡುತ್ತದೆ. ಮಂಜು ಹರಿಯದ ಬೆಳಗಿನಲ್ಲಿ ನಲವತ್ತು ಒರೆಗಳು ಒಟ್ಟಿಗೆ ಸದ್ದು ಮಾಡುತ್ತಾ ನಡೆದಾಗ, ಬೇಹುಗಾರಿಕೆಗೆ ಹೊರಟ ರಾವುತರು ಹೇಗೆ ಅಡಗಿಕೊಳ್ಳುತ್ತಿದ್ದರೋ ಎಂದು ಅಚ್ಚರಿಯಾಯಿತು. ಇಂಥವು ಪುಸ್ತಕ ಓದಿದಾಗ ತಲೆಗೆ ಹೊಳೆಯುವುದಿಲ್ಲ.

ಇದೆಲ್ಲ ಬರೀ ಆಟವೇ ಎಂದು ಕೇಳುವ ಗೆಳೆಯರಿದ್ದಾರೆ. ಆ ಮುಜುಗರ ನನಗೂ ಇದೆ. ಗುಲಾಮಗಿರಿ ಉಳಿಯಲೆಂದು ಒಂದು ಪಕ್ಷ ಒಡೆದುಹೋಗಿ ಹುಟ್ಟಿದ ಯುದ್ಧ ಅದು. ಎದುರಾಳಿ ಕಡೆ ಆಳು ಕಡಿಮೆಯಾದಾಗ ಕೋಟು ಬದಲಿಸಿ ಅತ್ತ ನಿಲ್ಲುವುದು ಈ ವಲಯದಲ್ಲಿ ಸಾಮಾನ್ಯ. ನಾನು ನಿಲ್ಲುವುದಿಲ್ಲ, ಯಾರೂ ಒತ್ತಾಯಿಸಿಯೂ ಇಲ್ಲ. ಕರಿಯ ಸೈನಿಕರ 5ನೇ ಅಶ್ವದಳ 1864ರ ಅಕ್ಟೋಬರಿನಲ್ಲಿ ವರ್ಜೀನಿಯಾದ ಸಾಲ್ಟ್‌ವಿಲ್‌ನಲ್ಲಿ ಹೋರಾಡಿತು. ಗಾಯಗೊಂಡು ಬಿದ್ದಿದ್ದ ಅದರ ಸೈನಿಕರನ್ನು ಮರುದಿನ ಎದುರಾಳಿ ಪಕ್ಷದ ಕಾನ್ಫೆಡರೇಟರು ಕೊಂದರು. ನೋಡಲು ಬಂದ ಮಕ್ಕಳು ಜೀನು ಮುಟ್ಟಲು ಕೇಳಿದಾಗ ಕೊಡುತ್ತೇನೆ, ಈ ಕತೆಯನ್ನೂ ಹೇಳುತ್ತೇನೆ. ನನ್ನಂಥ ಬಣ್ಣದವಳು ನೀಲಿ ಕೋಟಿನಲ್ಲಿ ಏಕೆ ಎಂದು ಕೇಳಲು ಹೊರಟವರು ಅಲ್ಲಿಗೆ ಸುಮ್ಮನಾಗುತ್ತಾರೆ.

ಈಗ ಹೊಲಿಯುತ್ತಿರುವುದು ಕುದುರೆಗಳನ್ನು ಒಂದಕ್ಕೊಂದು ಕೊಂಡಿ ಹಾಕುವ ಪಟ್ಟಿ. ರಾವುತರು ಇಳಿದು ನೆಲದ ಮೇಲೆ ಕಾದುವಾಗ ನಾಲ್ವರಲ್ಲಿ ಒಬ್ಬ ಹಿಂದೆ ಉಳಿದು ನಾಲ್ಕೂ ಕುದುರೆ ಹಿಡಿಯುತ್ತಿದ್ದ. ಹೊಸಬಳಾದ ನನಗೆ ಸಿಗುವುದು ಆ ಕೆಲಸವೇ. ದಳ ಸೇರಲು ಬರುವವರು ಯಾವುದನ್ನು ಮೊದಲು ಕೊಳ್ಳಬೇಕು ಎಂದು ಕೇಳಿದರೆ ನನ್ನ ಪಟ್ಟಿ ಹೀಗಿದೆ: ನಿಮ್ಮ ಕುದುರೆಯ ಬೆನ್ನಿಗೆ ಕೂರುವ ಮರ, ಆಮೇಲೆ ಹೊಟ್ಟೆಪಟ್ಟಿ ಮತ್ತು ರಿಕಾಪಿನ ಪಟ್ಟಿಗಳು, ಆಮೇಲೆ ಒಳ್ಳೆಯ ಉಣ್ಣೆಯ ಕಂಬಳಿ. ಚೀಲ, ಹುರಿಹಗ್ಗ, ಗೂಟ ಇವನ್ನೆಲ್ಲ ಮೊದಲ ವರ್ಷ ಸಾಲ ಪಡೆಯಬಹುದು. ಕತ್ತಿ ಎಲ್ಲಕ್ಕಿಂತ ಕೊನೆಗೆ. ಬರುವವರೆಲ್ಲ ಕತ್ತಿ ಹಿಡಿದುಕೊಂಡೇ ಬರುತ್ತಾರೆ.